ಲಡಾಯಿಯ ಸುದ್ದಿ ಗಡಿಸೀಮೆಗೆ ಬಂದ ಬಗೆ

1914ರ ಅಕ್ಟೋಬರ್ 16ರಂದು ಮುಂಬಯಿ ಬಂದರು ಬಿಟ್ಟ ಹಡಗುಗಳಲ್ಲಿ 117ನೇ ಮರಾಠಾ ಪಲ್ಟನ್ನಿನ ಸಿಪಾಯಿಗಳಿದ್ದರು. ಎಲ್ಲಿಗೆ ಹೊರಟಿದ್ದೇವೆ ಎಂಬುದನ್ನು ಅವರಿಗೆ ತಿಳಿಸಿರಲಿಲ್ಲ. ಅವರು ಯಾರ ಮೇಲೆ ಯುದ್ಧ ಮಾಡಬೇಕಿತ್ತೋ ಆ ತುರ್ಕಿಯೊಡನೆ ಬ್ರಿಟನ್ನಿನ ಯುದ್ಧ ಆಗಿನ್ನೂ ಶುರುವಾಗಿರಲಿಲ್ಲ. ಹಡಗುಗಳು ಬಹರೇನ್ ಬಳಿ ಕಾದು ನಿಂತವು. ನವೆಂಬರ್ 5ರಂದು ಯುದ್ಧ ಘೋಷಣೆಯಾಯಿತು; ಮರುದಿನವೇ ಸೇನೆ ಇರಾಕಿನ ಫಾವ್ ದಂಡೆಯಲ್ಲಿ ಇಳಿಯಿತು. ಹಳೆಯ ಸೈನಿಕರ ನೆನಪಿನಲ್ಲಿ ಯುದ್ಧದ ಮೊದಲ ದಿನವೂ ಇತಿಹಾಸದ ಪುಸ್ತಕದ ಮೊದಲ ದಿನವೂ ಬೇರೆಬೇರೆಯಾಗುವುದು ಹೀಗೆ.

ಕೊಲ್ಹಾಪುರ ಸೀಮೆಗೂ ಮರಾಠಾ ಪಲ್ಟನ್ನುಗಳಿಗೂ ನಂಟು ಹಳೆಯದು. ಸಂಸ್ಥಾನದ ದೊರೆ ಶಾಹೂ ಮಹಾರಾಜರು ಆ ಯುದ್ಧಕ್ಕೆ ಜನರನ್ನು ಸೇರಿಸಲು ಮುಂದೆ ನಿಂತರು. ಶಿರೋಳ ತಾಲ್ಲೂಕಿನ ಟಾಕಳಿಯಿಂದ ತಲೆಮಾರುಗಳ ಕಾಲ ಜನ ದಂಡಿಗೆ ಹೋದದ್ದರಿಂದ ಊರಿಗೆ ‘ಸೈನಿಕ ಟಾಕಳಿ’ ಎಂಬ ಹೆಸರೇ ನಿಂತಿತು. ಗಡಹಿಂಗ್ಲಜದಂಥ ಗಡಿ ತಾಲ್ಲೂಕಿನಲ್ಲಿ ಒಂದು ಮನೆಯ ಮಾತು ಮರಾಠಿ, ಪಕ್ಕದ ಮನೆಯದು ಕನ್ನಡ. ಪಲ್ಟನ್ನಿಗೆ ಸೇರಿದವನು ಹಿಂದೂಸ್ತಾನಿಗೂ ಒಗ್ಗಿಕೊಳ್ಳಬೇಕಿತ್ತು.

ಊರಿನವರಿಗೆ ಸುದ್ದಿ ಇನ್ನೂ ತಡವಾಗಿ ಮುಟ್ಟುತ್ತಿತ್ತು. ಓದುಬರಹ ಬಾರದ ಸಿಪಾಯಿ ಬೇರೆಯವರಿಂದ ಪತ್ರ ಬರೆಸಬೇಕು, ಅದು ಸೆನ್ಸಾರ್ ದಾಟಬೇಕು, ಊರಿನಲ್ಲಿ ಓದಬಲ್ಲವನೊಬ್ಬ ಸಿಗಬೇಕು. 1915ರ ಡಿಸೆಂಬರಿನಿಂದ ಇರಾಕಿನ ಕೂತ್ ಪಟ್ಟಣ ತುರ್ಕಿಯ ಮುತ್ತಿಗೆಗೆ ಸಿಕ್ಕಾಗ ಒಳಗೆ 103, 110 ಮತ್ತು 117ನೇ ಮರಾಠಾ ಪಲ್ಟನ್ನುಗಳಿದ್ದವು. 1916ರ ಏಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ಸೆರೆಯಲ್ಲಿ ಸತ್ತವರು ಬಹಳ. ಅವರ ಮನೆಯವರು ಕಾದ ತಿಂಗಳುಗಳನ್ನು ಯಾವ ದಾಖಲೆಯೂ ಎಣಿಸಿಲ್ಲ.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತದ ನಾಯಕರನ್ನು ಕೇಳದೆಯೇ ದೇಶವನ್ನು ಎರಡನೇ ಮಹಾಯುದ್ಧಕ್ಕೆ ಸೇರಿಸಿದರು. ರೇಡಿಯೋ ಬಂದಿತ್ತು, ಆದರೆ ಹಳ್ಳಿಗಳಲ್ಲಿ ಅದು ಅಪರೂಪ. ಎಷ್ಟೋ ಮನೆಗಳಿಗೆ ಯುದ್ಧ ಬಂದದ್ದು ರಜೆ ರದ್ದಾದ ತಾರಿನ ರೂಪದಲ್ಲಿ. 1942ರ ಜೂನಿನಲ್ಲಿ ಲಿಬಿಯಾದ ಟೊಬ್ರುಕ್ ಬಿದ್ದು ಮರಾಠಾ ರೆಜಿಮೆಂಟಿನ 2ನೇ ಬಟಾಲಿಯನ್ ಸೆರೆ ಸಿಕ್ಕಾಗ, ‘ನಾಪತ್ತೆ’ ಎಂಬ ಒಂದೇ ಪದ ಮನೆಯ ದೀಪ ಆರಿಸುವಷ್ಟು ಭಾರವಾಗಿತ್ತು.

ದಂಡಿಗೆ ಹೋಗದವರಿಗೂ ಯುದ್ಧ ಬೇರೆ ದಾರಿಯಿಂದ ಗೊತ್ತಾಯಿತು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕಂಡಿದ್ದ ಇಚಲಕರಂಜಿಯಲ್ಲಿ ಅದು ನೂಲಿನ ಬೆಲೆಯಲ್ಲಿ ಕಾಣಿಸಿತು. 1943ರಲ್ಲಿ ಬಟ್ಟೆ ಮತ್ತು ನೂಲು ಸರ್ಕಾರದ ಕಂಟ್ರೋಲಿಗೆ ಬಂದವು.

ಅದೇ ವರ್ಷ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಯುದ್ಧ ಕಣ್ಣೆದುರಿಗೇ ಬಂದು ನಿಂತಿತು. ಪೋಲೆಂಡಿನಿಂದ ಸೋವಿಯತ್ ನಾಡಿಗೆ ಗಡೀಪಾರಾಗಿ, ಇರಾನಿನ ಮೂಲಕ ಬಂದ ಸುಮಾರು 5,000 ಜನ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಅಲ್ಲಿನ ಶಿಬಿರದಲ್ಲಿ ನೆಲೆಸಿದರು. ಶಾಲೆ, ಚರ್ಚು, ನಾಟಕಶಾಲೆ ಎಲ್ಲವೂ ಎದ್ದವು. ಪಂಚಗಂಗೆಯ ದಡದ ರೈತ ಪೋಲೆಂಡನ್ನು ನಕ್ಷೆಯಲ್ಲಿ ಕಂಡಿರಲಿಕ್ಕಿಲ್ಲ; ಅಲ್ಲಿಂದ ಬಂದ ಮಗುವನ್ನು ಮಾತ್ರ ಸಂತೆಯಲ್ಲಿ ಕಂಡ. ಶಿಬಿರ 1948ರವರೆಗೂ ಇತ್ತು. ಅದರ ನೆನಪಿನ ಸ್ಮಾರಕ ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿದೆ; ವಾರ್ಸಾದಲ್ಲೂ ಕೊಲ್ಹಾಪುರದ ಹೆಸರಿನ ಸ್ಮಾರಕವಿದೆ.

1962, 1965 ಮತ್ತು 1971ರ ಯುದ್ಧಗಳ ಹೊತ್ತಿಗೆ ಸುದ್ದಿ ಟ್ರಾನ್ಸಿಸ್ಟರಿನಲ್ಲಿ ಬರತೊಡಗಿತು. ರಜೆಗೆ ಬಂದಿದ್ದವನನ್ನು ವಾಪಸು ಕರೆಯಲು ಆಗಲೂ ತಾರೇ ಬೇಕಿತ್ತು. 1999ರಲ್ಲಿ ಕಾರ್ಗಿಲ್ ಯುದ್ಧ ನೇರವಾಗಿ ಟೀವಿಯಲ್ಲೇ ಕಂಡಿತು. ಫಾವ್ ದಂಡೆಯಲ್ಲಿ ಮಗ ಇಳಿದದ್ದು ತಾಯಿಗೆ ವಾರಗಟ್ಟಲೆ ಗೊತ್ತಾಗುತ್ತಿರಲಿಲ್ಲ. ಕಾರ್ಗಿಲ್ ಬೆಟ್ಟದ ಗುಂಡಿನ ಸದ್ದನ್ನು ಇನ್ನೊಬ್ಬ ತಾಯಿ ಮಗನ ಪತ್ರಕ್ಕಿಂತ ಮೊದಲೇ ಕೇಳಿದಳು.