ಕೊರಳು ಸುತ್ತಿದ ಹೊಕ್ಕುಳಬಳ್ಳಿ

ಗದಗ ತಾಲ್ಲೂಕಿನ ಅಂತೂರ-ಬೆಂತೂರಿನಂಥ ಊರುಗಳಿಂದ ಪಟ್ಟಣಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬರುವ ಬಸುರಿಯರ ಮನೆಮಂದಿಯ ನಿದ್ದೆಗೆಡಿಸುವ ಮಾತೊಂದಿದೆ: ‘ಕೂಸಿನ ಕೊರಳಿಗೆ ಕರುಳು ಸುತ್ತೇತಂತ.’ ಇಲ್ಲಿ ಕರುಳೆಂದರೆ ಹೊಕ್ಕುಳಬಳ್ಳಿ. ಅದರಿಂದ ಉಸಿರು ಕಟ್ಟೀತೆಂಬುದು ಎಲ್ಲರ ಭಯ. ಆದರೆ ಹೊಟ್ಟೆಯೊಳಗಿನ ಕೂಸು ಗಂಟಲಿನಿಂದ ಗಾಳಿ ಎಳೆದುಕೊಳ್ಳುವುದೇ ಇಲ್ಲ. ಅದರ ಶ್ವಾಸಕೋಶದಲ್ಲಿ ತುಂಬಿರುವುದು ದ್ರವ. ಆಮ್ಲಜನಕವೆಲ್ಲ ತಾಯಿಯ ರಕ್ತದಿಂದ ಮಾಸಿಗೆ, ಮಾಸಿನಿಂದ ಬಳ್ಳಿಯೊಳಗಿನ ಒಂದೇ ಅಭಿಧಮನಿಯ ಮೂಲಕ ಕೂಸಿಗೆ ಬರುತ್ತದೆ. ಆದ್ದರಿಂದ ವೈದ್ಯರು ಮುಖ್ಯವಾಗಿ ನೋಡುವುದು ಆ ಬಳ್ಳಿ ಎಲ್ಲಾದರೂ ಅದುಮಿಕೊಂಡಿದೆಯೇ ಎಂದು.

ಬಳ್ಳಿ ಸುಲಭಕ್ಕೆ ಅದುಮಿಕೊಳ್ಳುವಂಥದ್ದಲ್ಲ. 50–60 ಸೆಂಟಿಮೀಟರ್ ಉದ್ದ, ಹೊಸೆದ ಹಗ್ಗದಂಥ ತಿರುವು, ರಕ್ತನಾಳಗಳ ಸುತ್ತ ಲೋಳೆಯಂಥ ದಪ್ಪ ಮೆತ್ತೆ. 17ನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ವಾರ್ಟನ್‌ರ ನೆನಪಿಗೆ ಅದನ್ನು ವಾರ್ಟನ್ ಜೆಲ್ಲಿ ಎನ್ನುತ್ತಾರೆ. ದಿನ ತುಂಬಿ ಹುಟ್ಟುವ ನಾಲ್ಕೈದು ಕೂಸುಗಳಲ್ಲಿ ಒಂದರ ಕೊರಳಿಗೆ ಬಳ್ಳಿ ಸುತ್ತಿರುತ್ತದೆ. ಬಹುಪಾಲು ಕೂಸುಗಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಇಂದು ಸ್ಕ್ಯಾನ್‌ನಲ್ಲಿ ಕಂಡ ಸುತ್ತು ಮುಂದೆ ತಾನಾಗಿ ಬಿಚ್ಚಿಕೊಳ್ಳಲೂಬಹುದು.

ಬಳ್ಳಿ ಹೀಗೆ ಸುತ್ತಿಕೊಳ್ಳಲು ಕೂಸಿನ ಹೊರಳಾಟ, ಬಳ್ಳಿಯ ಉದ್ದ, ಇವೇ ಕಾರಣ. ಬಸುರಿ ಹಗ್ಗ ದಾಟಿದ್ದಕ್ಕೆ ಹೀಗಾಯಿತೆಂದು ಆಕೆಯನ್ನು ದೂರುವುದು ಅನ್ಯಾಯ. ಮಾಲೆ ಹಾಕಿಕೊಂಡು ಹುಟ್ಟಿದ ಕೂಸು ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ಮಾತಂತೂ ಎಳೆಗೂಸಿನ ಮೇಲೆ ಹೊರಿಸುವ ಕ್ರೂರ ಅಪವಾದ.

ಎಚ್ಚರ ಬೇಕಾದದ್ದು ಬೇರೆ ಕಡೆ. ಕೊನೆಯ ತಿಂಗಳುಗಳಲ್ಲಿ ಕೂಸಿನ ಮಿಸುಕಾಟ ಎಂದಿಗಿಂತ ಕಡಿಮೆಯಾದರೆ ನಾಳೆ ನೋಡೋಣ ಎನ್ನದೆ ಆಶಾ ಕಾರ್ಯಕರ್ತೆಗೆ ತಿಳಿಸಿ, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಹೆರಿಗೆ ನೋವು ಬಂದಾಗ ಬಳ್ಳಿ ಅದುಮಿದರೆ, ನಿಮಿಷಕ್ಕೆ 110ರಿಂದ 160 ಇರಬೇಕಾದ ಕೂಸಿನ ಎದೆಬಡಿತ ಥಟ್ಟನೆ ಇಳಿದು ಮತ್ತೆ ಏರುತ್ತದೆ. ಇಳಿತ ಪದೇಪದೇ ಬಂದು, ಬಡಿತ ಚೇತರಿಸಿಕೊಳ್ಳದಿದ್ದರೆ ಸಿಸೇರಿಯನ್ ಬೇಕಾಗಬಹುದು. ಬರೀ ಸುತ್ತು ಕಂಡಿತೆಂದು ಹೊಟ್ಟೆ ಕೊಯ್ಯುವ ಅಗತ್ಯವಿಲ್ಲ.

ತಲೆ ಹೊರಬಂದೊಡನೆ ಹೆರಿಗೆ ಮಾಡಿಸುವವರು ಕೊರಳ ಬಳಿ ಬೆರಳಾಡಿಸುತ್ತಾರೆ. ಸುತ್ತು ಸಡಿಲವಿದ್ದರೆ ತಲೆಯ ಮೇಲಿಂದ ತೆಗೆದರಾಯಿತು. ಬಿಗಿಯಿದ್ದರೆ ಕೂಸಿನ ತಲೆಯನ್ನು ತಾಯಿಯ ತೊಡೆಗೆ ಒತ್ತಿ ಹಿಡಿದು, ಮೈಯನ್ನು ಲಾಗ ಹಾಕಿಸಿದಂತೆ ಹೊರತಂದು, ಆಮೇಲೆ ಸುತ್ತು ಬಿಡಿಸುವ ವಿಧಾನವಿದೆ. ಅದೂ ಆಗದಿದ್ದರೆ ಮಾತ್ರ ಅಲ್ಲೇ ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಅವಸರದಲ್ಲಿ ಕತ್ತರಿಸದಿರುವುದಕ್ಕೂ ಕಾರಣವಿದೆ: ಹುಟ್ಟಿದ ಮೇಲೂ ಒಂದರಿಂದ ಮೂರು ನಿಮಿಷ ಬಳ್ಳಿ ಬಿಟ್ಟರೆ ಮಾಸಿನಲ್ಲುಳಿದ ರಕ್ತ ಕೂಸಿಗೆ ಹರಿಯುತ್ತದೆ, ಆ ರಕ್ತದ ಕಬ್ಬಿಣಾಂಶ ಮೊದಲ ತಿಂಗಳುಗಳಲ್ಲಿ ರಕ್ತಹೀನತೆ ಬಾರದಂತೆ ಕಾಯುತ್ತದೆ.