ರತನ್ ಖತ್ರಿ: ಮೋಸವಿಲ್ಲದ ಜೂಜಿನ ಲೆಕ್ಕ

"ಖತ್ರಿಯಲ್ಲಿ ಮೋಸ ಇಲ್ಲ ಮಾರಾಯ!" ಇದು ನಮ್ಮಜ್ಜನ ಮಾತು. ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಮೂವತ್ತು ವರ್ಷ ದುಡಿದ ಅವರು ದೇವರ ಫೋಟೋದ ಹಿಂದೆ ಒಂದು ಸಣ್ಣ ನೋಟುಪುಸ್ತಕ ಇಟ್ಟಿದ್ದರು. ಅದರ ತುಂಬ ಅಂಕಿಗಳು. ಮಟ್ಕಾದ ಲೆಕ್ಕ. ಊರ ಕಡೆ ಇದಕ್ಕೇ 'ಓಸಿ' ಅಂತಾರೆ, ಅಂದರೆ ಓಪನ್-ಕ್ಲೋಸ್. ಖತ್ರಿ ಮೋಸ ಮಾಡಲಿಲ್ಲವೆಂದರೆ ನಮ್ಮಜ್ಜನ ದುಡ್ಡು ಎಲ್ಲಿ ಹೋಯಿತು? ಈ ಪ್ರಶ್ನೆಯೇ ನನ್ನಿಂದ ಈ ಲೇಖನ ಬರೆಸುತ್ತಿದೆ.

ರತನ್ ಖತ್ರಿ ಸಿಂಧಿ. ದೇಶ ವಿಭಜನೆಯ ಕಾಲಕ್ಕೆ ಕರಾಚಿಯಿಂದ ಮುಂಬಯಿಗೆ ಬಂದ ಹುಡುಗ. ಆಗ ಇಲ್ಲಿ ನ್ಯೂಯಾರ್ಕಿನ ಹತ್ತಿ ಧಾರಣೆಯ ಮೇಲೆ ಜೂಜು ನಡೆಯುತ್ತಿತ್ತು. 1961ರಲ್ಲಿ ಆ ಧಾರಣೆ ಬರುವುದು ನಿಂತಿತು. ಜೂಜು ನಿಲ್ಲುತ್ತದೆಯೇ? ಧಾರಣೆಯ ಬದಲು ಮಡಕೆಯಿಂದ ಚೀಟಿ ಎತ್ತತೊಡಗಿದರು. ಮಡಕೆಗೆ ಮಟ್ಕಾ ಎಂದು ಹೆಸರು, ಆಟಕ್ಕೂ ಅದೇ ಹೆಸರಾಯಿತು. ಮಡಕೆ ಹೋಗಿ ಇಸ್ಪೀಟು ಬಂದ ಮೇಲೂ ಹೆಸರು ಉಳಿಯಿತು. ಕಚ್ಛಿನ ಕಲ್ಯಾಣಜಿ ಭಗತ್ 1962ರಲ್ಲಿ ವರ್ಲಿ ಮಟ್ಕಾ ಶುರುಮಾಡಿದರೆ, ಅವನ ಜೊತೆಗಿದ್ದ ಖತ್ರಿ 1964ರಲ್ಲಿ ಬೇರೆಯಾಗಿ ನ್ಯೂ ವರ್ಲಿ ಮಟ್ಕಾ ತೆರೆದ.

ಆಟ ಸರಳ. ಮೂರು ಎಲೆ ತೆಗೆಯುವುದು. 4, 7, 8 ಬಂದರೆ ಕೂಡಿದಾಗ 19. ಕೊನೆಯ ಅಂಕಿ 9, ಅದೇ ಓಪನ್. ನಡುರಾತ್ರಿ ಮತ್ತೆ ಮೂರು ಎಲೆ, ಅದು ಕ್ಲೋಸ್. ಖತ್ರಿ ಎಲ್ಲರೆದುರಿಗೇ ಎಲೆ ತೆಗೆಸುತ್ತಾನೆಂಬ ಹೆಸರಿತ್ತು. ಆ ನಂಬಿಕೆಯೇ ಅವನ ಬಂಡವಾಳ. ಗಿರಣಿಯವರು, ಹೋಟೆಲಿನವರು, ಟ್ಯಾಕ್ಸಿಯವರು ಕಣ್ಣುಮುಚ್ಚಿ ಕಟ್ಟಿದರು.

ಗೆಳೆಯರೇ, ಈಗ ಲೆಕ್ಕ ನೋಡಿ. ಅಂಕಿಗಳು ಹತ್ತು. ಗೆದ್ದರೆ ರೂಪಾಯಿಗೆ ಒಂಬತ್ತು. ಹತ್ತು ಜನ ಹತ್ತು ಅಂಕಿಗೆ ಒಂದೊಂದು ರೂಪಾಯಿ ಕಟ್ಟಿದರೆ ಬಂದದ್ದು ಹತ್ತು, ಕೊಡಬೇಕಾದ್ದು ಒಂಬತ್ತು. ಎರಡೂ ಅಂಕಿ ಸೇರಿದ ಜೋಡಿಗೆ ತೊಂಬತ್ತು ಪಟ್ಟು. ಆದರೆ ಜೋಡಿಗಳಿರುವುದು ನೂರು! ಕುಮಾರವ್ಯಾಸನ ಸಭಾಪರ್ವ ಓದಿದ ನಮಗೆ ಜೂಜೆಂದರೆ ಶಕುನಿಯ ಕಪಟವೇ ನೆನಪಾಗುತ್ತದೆ. ಇಲ್ಲಿ ಶಕುನಿ ಬೇಕಾಗಿಯೇ ಇಲ್ಲ. ದಾಳ ಪ್ರಾಮಾಣಿಕವಾಗಿದ್ದಷ್ಟೂ ಜನ ಹೆಚ್ಚು, ಜನ ಹೆಚ್ಚಿದಷ್ಟೂ ಉಳಿಯುವ ಹತ್ತನೆಯ ರೂಪಾಯಿ ಹೆಚ್ಚು.

ಅಜ್ಜನ ಪುಸ್ತಕದಲ್ಲಿ ಇನ್ನೊಂದು ಸಂಗತಿ ಕಂಡೆ. ಅಲ್ಲಿ ಬರೆದದ್ದೆಲ್ಲ ಗೆದ್ದ ದಿನಗಳೇ! ಒಂದು ವರ್ಷದಲ್ಲಿ 28 ಗೆಲುವು, ಒಂದೊಂದಕ್ಕೆ 18 ರೂಪಾಯಿಯಂತೆ 504. ಕಟ್ಟಿದ್ದು ವಾರಕ್ಕೆ ಆರು ದಿನ, ದಿನಕ್ಕೆ 2 ರೂಪಾಯಿ, ಒಟ್ಟು 624. ಕೈಬಿಟ್ಟದ್ದು 120. ಅಜ್ಜ ಊರಿಗೆ ತಿಂಗಳಿಗೆ 60 ಕಳಿಸುತ್ತಿದ್ದ ಕಾಲವದು. ಎರಡು ತಿಂಗಳ ಮನಿಯಾರ್ಡರ್! ಅಜ್ಜಿ ಅದನ್ನು ಈಗಲೂ ಮರೆತಿಲ್ಲ.

ಖತ್ರಿ ಮಾತ್ರ ದಂತಕಥೆಯಾದ. 1975ರ 'ಧರ್ಮಾತ್ಮಾ' ಚಿತ್ರದಲ್ಲಿ ಪ್ರೇಮನಾಥ್ ಮಾಡಿದ ಪಾತ್ರಕ್ಕೆ ಇವನೇ ಮೂಲವೆಂದು ಜನ ಆಡಿಕೊಂಡರು. ತುರ್ತುಪರಿಸ್ಥಿತಿಯಲ್ಲಿ 19 ತಿಂಗಳು ಜೈಲು ಕಂಡ. 1982ರ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಬೀದಿಗೆ ಬಿದ್ದಾಗ ಮಟ್ಕಾದ ಬೇರೂ ಸಡಿಲಾಯಿತು. ತೊಂಬತ್ತರ ದಶಕದಲ್ಲಿ ದಂಧೆ ಬಿಟ್ಟ ಖತ್ರಿ 2020ರ ಮೇ 9ರಂದು ತೀರಿಕೊಂಡ.

ಅಂಕಿಯ ಆಟ ಈಗ ಚೀಟಿಯಿಂದ ಮೊಬೈಲಿಗೆ ಬಂದಿದೆ. ನಮ್ಮ ಹಾಸ್ಟೆಲಿನಲ್ಲೂ ಗೆದ್ದವನ ಮಾತೇ ಕೇಳಿಸುತ್ತದೆ, ಸೋತವನು ಮಾತಾಡುವುದಿಲ್ಲ. ಅಜ್ಜ ಹೇಳಿದ್ದು ಸುಳ್ಳಲ್ಲ, ಖತ್ರಿಯಲ್ಲಿ ಮೋಸ ಇರಲಿಲ್ಲ. ಆದರೆ ಆ ಆಟದಲ್ಲಿ ಖಾತ್ರಿಯಾಗಿದ್ದದ್ದು ಹತ್ತನೆಯ ರೂಪಾಯಿಯೊಂದೇ, ಮತ್ತು ಅದು ಅಜ್ಜನದಾಗಿರಲಿಲ್ಲ.