ಎರಡನೆಯ ಬಸಿರಿಗೆ ಮುನ್ನ

ಚೊಚ್ಚಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂಬ ವಾಡಿಕೆಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಅದರ ಹಿಂದಿರುವ ಮಮತೆಯನ್ನು ಯಾರೂ ಅಲ್ಲಗಳೆಯರು. ಆದರೆ ಅದರಿಂದೊಂದು ತೊಡಕೂ ಉಂಟು.

ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಸಂಸಾರ ಹೂಡಿರುವ ಒಬ್ಬ ಹೆಣ್ಣುಮಗಳನ್ನು ವಾಚಕರು ಊಹಿಸಿಕೊಳ್ಳಲಿ. ಆಕೆಯ ಮೊದಲ ಹೆರಿಗೆ ಹಾಸನದ ಕಡೆಯ ತವರೂರಿನಲ್ಲಾಯಿತು. ಏಳು ತಿಂಗಳು ತುಂಬಿದ ಮೇಲೆ ರಕ್ತದ ಒತ್ತಡವೇರಿ, ಮುಖ ಊದಿ, ಕಣ್ಣು ಮಂಜಾಗಿ, ಶಸ್ತ್ರಕ್ರಿಯೆಯಿಂದ ಮಗುವನ್ನು ಅಕಾಲದಲ್ಲಿಯೇ ತೆಗೆಯಬೇಕಾಯಿತು. ತಾಯಿ ಮಗು ಇಬ್ಬರೂ ಉಳಿದರು. ಆಸ್ಪತ್ರೆಯವರು ಕೊಟ್ಟ ಕಾಗದಗಳು ಮಾತ್ರ ಅಮ್ಮನ ಮನೆಯ ಬೀರುವಿನಲ್ಲಿಯೇ ಉಳಿದುವು. ಇಲ್ಲಿ ಅತ್ತೆಯವರಿಗೆ ತಿಳಿದಿರುವುದು, "ಸ್ವಲ್ಪ ಕಷ್ಟವಾಯಿತಂತೆ" ಎಂಬಷ್ಟೇ. ಮಗುವಿಗೆ ವರ್ಷ ತುಂಬುವುದರೊಳಗೆ ನೆಂಟರಿಷ್ಟರ ಪ್ರಶ್ನೆ ಮೊದಲಾಗುವುದು: ಇನ್ನೊಂದು ಯಾವಾಗ?

ಆಕೆಯ ಅಂಜಿಕೆಯನ್ನು ಹೇಡಿತನವೆನ್ನಲಾಗದು. ಇಂತಹ ಗರ್ಭಿಣಿ ನಂಜು ಒಮ್ಮೆ ಬಂದವರಲ್ಲಿ ಸುಮಾರು ಆರು ಮಂದಿಗೊಬ್ಬರಿಗೆ ಅದು ಮರಳುವುದು. ಮೊದಲ ಸಲ ಎಷ್ಟು ಬೇಗ ಬಂದಿತೋ ಅಷ್ಟು ಹೆಚ್ಚಾಗಿ ಮರಳುವ ಸಂಭವವುಂಟು. ಹೆಚ್ಚಿನವರಿಗೆ ಬಾರದು, ಬಾರದೆಂಬ ಭರವಸೆಯನ್ನಾದರೋ ಯಾರೂ ಕೊಡಲಾರರು. ಆದುದರಿಂದ ಬಸಿರಾಗುವುದಕ್ಕೆ ಮೊದಲೇ, ಗಂಡನೂ ಜೊತೆಗೂಡಿ, ವೈದ್ಯರನ್ನು ಕಾಣುವುದು ಅತ್ಯವಶ್ಯಕವು.

ವೈದ್ಯರು ಮೊದಲು ಕೇಳುವುದು ಆ ಕಾಗದಗಳನ್ನೇ. ಒತ್ತಡ ಎಷ್ಟನೆಯ ವಾರದಲ್ಲಿ ಏರಿತು, ಮಗುವಿನ ತೂಕವೆಷ್ಟು, ರಕ್ತ ಕೊಟ್ಟಿದ್ದರೆ, ಫಿಟ್ಸ್ ಬಂದಿತ್ತೆ? ಹೊಟ್ಟೆಯ ಮೇಲಿನ ಕಲೆಯನ್ನು ನೋಡಿ ಗರ್ಭಕೋಶವನ್ನು ಹೇಗೆ ಕೊಯ್ದಿದ್ದರೆಂದು ಹೇಳಲಾಗದು. ಒಳಗಿನ ಕೊಯ್ತವು ಮೇಲ್ಭಾಗದಲ್ಲಿ ಉದ್ದುದ್ದವಾಗಿದ್ದ ಪಕ್ಷದಲ್ಲಿ ಮುಂದಿನ ಸಲ ಸಹಜ ಹೆರಿಗೆಗೆ ಬಿಡುವುದು ಅಪಾಯಕರವು.

ಹೆರಿಗೆಗೂ ಮುಂದಿನ ಬಸಿರಿಗೂ ನಡುವೆ 24 ತಿಂಗಳಾದರೂ ಇರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎದೆಹಾಲುಣಿಸುತ್ತಿರುವಾಗ, ಮುಟ್ಟು ಮರಳುವ ಮೊದಲೇ ಬಸಿರು ನಿಲ್ಲುವುದೂ ಉಂಟಾದುದರಿಂದ ತಡೆಯ ಉಪಾಯವನ್ನೂ ಕೇಳಿ ತಿಳಿಯತಕ್ಕದ್ದು. ಒತ್ತಡದ ಕೆಲವು ಮಾತ್ರೆಗಳು ಭ್ರೂಣಕ್ಕೆ ಕೆಡುಕಾದುವು. ಅವನ್ನು ತಾವಾಗಿ ಬಿಡದೆ, ವೈದ್ಯರಿಂದ ಮೊದಲೇ ಬದಲಿಸಿಕೊಳ್ಳಬೇಕು. ಫೋಲಿಕ್ ಆಮ್ಲದ ಮಾತ್ರೆಯನ್ನು ಒಂದು ತಿಂಗಳಾದರೂ ಮುಂಚಿತವಾಗಿ ತೊಡಗುವರು.

ಬಸಿರು ನಿಂತ ಮೇಲೆ ತಡಮಾಡಲಾಗದು. ತಲೆನೋವಿಗೆಂದು ನಾವು ಬಲ್ಲ ಆಸ್ಪಿರಿನ್ ಇಲ್ಲಿ ಸಣ್ಣ ಪ್ರಮಾಣದಲ್ಲಿ ಉಪಕಾರಿಯು. 2017ರಲ್ಲಿ ಪ್ರಕಟವಾದ, ಹಲವು ದೇಶಗಳಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಅಪಾಯ ಹೆಚ್ಚಿರುವ ಗರ್ಭಿಣಿಯರು ರಾತ್ರಿ 150 ಮಿಲಿಗ್ರಾಂ ಸೇವಿಸಲಾಗಿ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವಂತಹ ನಂಜು ಅರ್ಧಕ್ಕಿಂತಲೂ ಕಡಮೆಯಾಯಿತು. ಆದರೆ ಇದನ್ನು 16 ವಾರಗಳೊಳಗೆ, ವೈದ್ಯರ ಅಪ್ಪಣೆಯಿಂದ ತೊಡಗಬೇಕು. ಮೂರು ತಿಂಗಳು ತುಂಬುವವರೆಗೆ ಸುದ್ದಿ ಹೊರಬೀಳಬಾರದೆಂಬ ಹಿರಿಯರು ನೆರೆಮನೆಯವರಿಂದ ಮುಚ್ಚಿಡಲಿ, ವೈದ್ಯರಿಂದ ಬೇಡ.

ಹೆರಿಗೆ ಎಲ್ಲಿ ಎಂಬುದನ್ನೂ ಆಗಲೇ ನಿಶ್ಚಯಿಸಬೇಕು. ಜಯನಗರದ ಸರ್ಕಾರಿ ಆಸ್ಪತ್ರೆ ಹತ್ತಿರವಿದೆ. 1935ರಲ್ಲಿ ತೆರೆದ ವಾಣಿ ವಿಲಾಸ ಆಸ್ಪತ್ರೆಯೂ ದೂರವಲ್ಲ. ಎಲ್ಲಿಗೇ ಹೋಗಲಿ, ರಕ್ತವೂ ಎಳೆಗೂಸುಗಳ ಆರೈಕೆಯೂ ಅಲ್ಲಿ ಹಗಲಿರುಳು ದೊರೆಯುವುದೇ ಎಂದು ಕೇಳಿರಿ. ಜೆ. ಪಿ. ನಗರದ ಸಂಜೆಯ ವಾಹನಸಂದಣಿಯಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವಷ್ಟು ಹೊತ್ತು ನಂಜೇರಿದವಳಿಗಿರದು.

ಇದೆಲ್ಲವನ್ನೂ ಕೇಳಿ, ಒಂದೇ ಮಗು ಸಾಕೆಂದು ಆಕೆ ನಿಶ್ಚಯಿಸಿದರೆ ಅದೂ ಸರಿಯಾದ ಉತ್ತರವೇ. ಹೇಗಿದ್ದರೂ ಈ ವಾರವೇ ತವರಿಗೆ ಫೋನು ಮಾಡಿ ಬೀರುವಿನಲ್ಲಿ ಹುಡುಕಿಸಿರಿ. ಕಾಗದಗಳು ಕಳೆದಿದ್ದರೆ ಹೆರಿಗೆಯಾದ ಆಸ್ಪತ್ರೆಯಲ್ಲಿ ಹೆಸರನ್ನೂ ದಿನಾಂಕವನ್ನೂ ಕೊಟ್ಟು ನಕಲು ಕೇಳಬಹುದು; ತಾಯಿ ಕಾರ್ಡಿನಲ್ಲಿಯೂ ಒತ್ತಡದ ಲೆಕ್ಕ ಬರೆದಿರಬಹುದು.